ಬಾಯ್ಲರ್ ಮರೆತು ದೆವ್ವ ಹಿಡಿದರೆ ಹೇಗೆ?

'ದಿ ಶೈನಿಂಗ್' ಕಾದಂಬರಿ ಸುಮಾರು, ಅದಕ್ಕೆ ಹೆಸರು ತಂದಿದ್ದೇ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರ ಸಿನಿಮಾ ಅಂತ ಲೇಖನವೊಂದನ್ನು ಬರೆದವರು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಒಪ್ಪಲಾರೆ. ಪುಸ್ತಕ ಬಂದದ್ದು 1977ರಲ್ಲಿ. ಅದನ್ನು ಬರೆದ ಸ್ಟೀಫನ್ ಕಿಂಗ್‌ಗೆ ಹಾರ್ಡ್‌ಕವರ್‌ನಲ್ಲಿ ಮೊದಲ ಬೆಸ್ಟ್‌ಸೆಲ್ಲರ್ ಅದು. ಸಿನಿಮಾ 1980ರದು. ಯಾರ ಹೆಗಲೇರಿ ಯಾರು ಜಾತ್ರೆ ನೋಡಿದ್ದು, ನೀವೇ ಹೇಳಿ.

ಚಳಿಗಾಲಕ್ಕೆ ಮುಚ್ಚಿದ ಹೋಟೆಲೊಂದನ್ನು ನೋಡಿಕೊಳ್ಳಲು ಹೆಂಡತಿ, ಮಗನ ಜೊತೆ ಬರುವ ಜ್ಯಾಕ್‌ನ ಕಥೆ ಇದು. ಅಸಲಿ ಭಯ ಆ ಹೋಟೆಲಿನ ದೆವ್ವಗಳದ್ದಲ್ಲ ಸ್ವಾಮಿ. ಕುಡಿತದ ದಿನಗಳಲ್ಲಿ ಮಗನ ಕೈ ಮುರಿದವನು, ಈಗ ಕುಡಿತ ಬಿಟ್ಟು ಹೇಗಾದರೂ ಒಳ್ಳೆಯ ಅಪ್ಪನಾಗಬೇಕು ಅಂತ ಒದ್ದಾಡುವವನು, ಅಂಥವನು ಸ್ವಲ್ಪ ಸ್ವಲ್ಪವೇ ಕೆಡುವುದನ್ನು ನೋಡುತ್ತ ಕೂರಬೇಕಲ್ಲ, ಅದು. ನೆಲಮಾಳಿಗೆಯ ಬಾಯ್ಲರ್‌ನ ಒತ್ತಡವನ್ನು ದಿನಾ ಇಳಿಸಬೇಕು, ಮರೆತರೆ ಸಿಡಿಯುತ್ತದೆ. ಜ್ಯಾಕ್‌ನ ತಲೆಯ ಸ್ಥಿತಿಯೂ ಅದೇ. ಕೊನೆಗೆ ಹೋಟೆಲನ್ನು ಸುಡುವುದೂ ಅದೇ ಬಾಯ್ಲರ್. ಸಿನಿಮಾದಲ್ಲಿ ಈ ಎಳೆಯೇ ಮಾಯ. ಜ್ಯಾಕ್‌ನ ಪಾತ್ರ ಮಾಡಿದ ನಟ ನಿಕಲ್ಸನ್ ಕೆಲಸದ ಸಂದರ್ಶನಕ್ಕೆ ಬಂದಾಗಲೇ ಹುಬ್ಬು ಕುಣಿಸುತ್ತ ಅರೆಹುಚ್ಚನಂತೆ ಕಾಣುತ್ತಾರೆ; ಇನ್ನು ಕೆಡಲು ಉಳಿದದ್ದೇನು? ಕಿಂಗ್ ಕೂಡ ಇದೇ ತಕರಾರು ಎತ್ತಿದ್ದರು. (1997ರಲ್ಲಿ ಅವರೇ ಚಿತ್ರಕಥೆ ಬರೆದ ಟಿವಿ ಸರಣಿ ಚೆನ್ನಾಗಿತ್ತು ಅಂತ ಮಾತ್ರ ನಾನು ಹೇಳಲ್ಲ.)

ಆ ಲೇಖನದ 'ಜನಪ್ರಿಯ, ಹಾಗಾಗಿ ಹಗುರ' ಅನ್ನೋ ಧಾಟಿಯೂ ಹಳೆಯದೇ. 2003ರಲ್ಲಿ ಅಮೆರಿಕದ ಸಾಹಿತ್ಯ ಸಂಸ್ಥೆ ನ್ಯಾಷನಲ್ ಬುಕ್ ಫೌಂಡೇಶನ್ ಕಿಂಗ್‌ಗೆ ಪದಕ ಕೊಟ್ಟಾಗ ವಿಮರ್ಶಕ ಹೆರಾಲ್ಡ್ ಬ್ಲೂಮ್ ಕೆಂಡಾಮಂಡಲವಾಗಿದ್ದರು.

ಕಾಲೇಜಿನಲ್ಲಿ ಈ ಕಾದಂಬರಿ ಓದಿದಾಗ ಹೋಟೆಲಿನ ದೆವ್ವದ ಕೋಣೆ, 217ನೇ ಕೋಣೆಗೆ ಹೆದರಿದ್ದೆ. ಮಗಳು ಹುಟ್ಟಿದ ಮೇಲೆ ಮತ್ತೆ ಓದಿದೆ. ಆಗ ನಿದ್ದೆಗೆಡಿಸಿದ್ದು ಆ ಮುರಿದ ಕೈ.