ಬಿನ್ನಿ ಹೆಂಡತಿ ಅಂತೆ!

ನಿನ್ನೆ ರಾತ್ರಿ ಸುಂಟಿಕೊಪ್ಪದ ಮಾವನ ಮನೆಯಲ್ಲಿ ಐಪಿಎಲ್ ನೋಡುತ್ತಾ ಕೂತಿದ್ದೆವು. ಇನಿಂಗ್ಸ್ ಮುಗಿದು ಸ್ಟುಡಿಯೋ ತೋರಿಸಿದರು. ನಿರೂಪಕಿ ಮಯಾಂತಿ ಲ್ಯಾಂಗರ್ ಬಂದರು. ಮಾವ ಕ್ಯಾಂಟೀನ್ ರಮ್ಮಿನ ಗ್ಲಾಸು ಕೆಳಗಿಟ್ಟು, "ಇವಳು ನಮ್ಮ ಬಿನ್ನಿ ಹೆಂಡತಿ ಅಲ್ವಾ? ಮತ್ತೆ ಮೈಕು ಸಿಗದೆ ಇರ್ತದಾ" ಅಂದರು. ಅಷ್ಟೇ. ಕೋಣೆಯಲ್ಲಿದ್ದ ಎಲ್ಲರೂ ಹೌದು ಹೌದು, ಕ್ರಿಕೆಟಿಗ ಸ್ಟುವರ್ಟ್ ಬಿನ್ನಿ ಹೆಂಡತಿ ಅಂದರು. ನನಗೆ ಪಿತ್ತ ನೆತ್ತಿಗೇರಿತು.

ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಸುಮ್ನೆ ಕೂರುವ ಜಾತಿ ಅಲ್ಲ. ಆದರೆ ಊಟಕ್ಕೆ ಕರೆದವರ ಮನೆ, ಅತ್ತೆ ಬೇರೆ ಕಣ್ಣಲ್ಲೇ "ಬೇಡ" ಅನ್ನುತ್ತಿದ್ದರು. ಹಾಗಾಗಿ ಅಲ್ಲಿ ಅರ್ಧ ಹೇಳಿದೆ. ಉಳಿದ ಅರ್ಧ ಇಲ್ಲಿ.

ಮೊದಲು ಇಸವಿ ನೋಡೋಣ, ಯಾಕೆಂದರೆ ಯಾರೂ ಇಸವಿ ನೋಡುವುದಿಲ್ಲ. ಈಕೆ ಶುರು ಮಾಡಿದ್ದು ಕ್ರಿಕೆಟ್ಟಿನಿಂದ ಅಲ್ಲವೇ ಅಲ್ಲ, ಫುಟ್‌ಬಾಲಿನಿಂದ. ಜೀ ಸ್ಪೋರ್ಟ್ಸ್‌ನಲ್ಲಿ ಫುಟ್‌ಬಾಲ್ ಕಾರ್ಯಕ್ರಮ ನಡೆಸುತ್ತಿದ್ದರು. ಆಮೇಲೆ 2010ರ ಫುಟ್‌ಬಾಲ್ ವಿಶ್ವಕಪ್ ಬಂತು, ದಕ್ಷಿಣ ಆಫ್ರಿಕಾದ್ದು. ಇಎಸ್‌ಪಿಎನ್‌ನಲ್ಲಿ ಜಾನ್ ಡೈಕ್ಸ್ ಅಂಥ ಪಳಗಿದ ಮನುಷ್ಯನ ಪಕ್ಕ ಕೂತು ನಡೆಸಿಕೊಟ್ಟರು. ಆಗ ಇವರಿಗೆ ವಯಸ್ಸು 25. ಅದೇ ವರ್ಷ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟ. ನಮ್ಮ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆ ಸೇರಿ ಡಬಲ್ಸ್‌ನಲ್ಲಿ ಚಿನ್ನ ತಂದರಲ್ಲ, ಅದೇ ಕೂಟ. ಅಲ್ಲೂ ಮಯಾಂತಿ ಇದ್ದರು. 2011ರ ಕ್ರಿಕೆಟ್ ವಿಶ್ವಕಪ್ಪಿನಲ್ಲೂ ಇದ್ದರು. ಸ್ಟುವರ್ಟ್ ಬಿನ್ನಿ ಜೊತೆ ಮದುವೆ ಆಗಿದ್ದು 2012ರಲ್ಲಿ. ಸ್ಟುವರ್ಟ್ ಭಾರತದ ಕ್ಯಾಪ್ ಹಾಕಿದ್ದು 2014ರ ಜನವರಿಯಲ್ಲಿ, ನ್ಯೂಜಿಲೆಂಡಿನಲ್ಲಿ.

ಅಂದರೆ ಗಂಡ ದೇಶಕ್ಕೆ ಆಡುವ ಮೊದಲೇ ಹೆಂಡತಿ ಎರಡು ವಿಶ್ವಕಪ್ ಮುಗಿಸಿದ್ದರು. ಲೆಕ್ಕಕ್ಕೆ ಹೇಳುವುದಾದರೆ ಆ ಹುಡುಗನನ್ನೇ "ಮಯಾಂತಿ ಗಂಡ" ಅನ್ನಬೇಕಿತ್ತು. ಯಾರಾದರೂ ಅಂದರಾ?

ಇದನ್ನು ಹೇಳಿದ ಮೇಲೆ ಮಾವ ಸ್ವಲ್ಪ ತಣ್ಣಗಾದರು. ನಾನು ಅಲ್ಲಿಗೇ ಬಿಡಬೇಕಿತ್ತು, ಬಿಡಲಿಲ್ಲ. "ಅವರ ಅಪ್ಪ ಆರ್ಮಿಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿದ್ದವರು" ಅಂದೆ. ಅಯ್ಯೋ, ಮುಖ ನೋಡಬೇಕಿತ್ತು! ಸೋಫಾದಲ್ಲಿ ಒರಗಿದ್ದ ಮಾವ, ನಿವೃತ್ತ ಸುಬೇದಾರ್ ಸಾಹೇಬರು, ನೆಟ್ಟಗೆ ಕೂತರು. "ಓಹೋ! ಹಾಗೆ ಹೇಳು. ಜನರಲ್ ಸಾಹೇಬರ ಮಗಳು. ಅದಕ್ಕೇ ಅಷ್ಟು ಶಿಸ್ತು, ಅಷ್ಟು ಚಂದ ಮಾತು."

ನೋಡಿದಿರಾ? ಗಂಡನ ಖಾತೆಯಿಂದ ಅಪ್ಪನ ಖಾತೆಗೆ ವರ್ಗಾವಣೆ. ಅವರ ಖಾತೆಯಲ್ಲಿ ಮಾತ್ರ ಇನ್ನೂ ಸೊನ್ನೆ. ನಮ್ಮ ಕೊಡಗಿನಲ್ಲಿ ಆರ್ಮಿ ಅಂದರೆ ಎಲ್ಲ ತಪ್ಪೂ ಮಾಫಿ, ಅದು ಬೇರೆ ಮಾತು.

ಇನ್ನು ಬೈಯುವ ವಿಚಾರ. ಹೊಗಳುವಾಗ ಗಂಡ ಬೇರೆ ಹೆಂಡತಿ ಬೇರೆ. ಬೈಯುವಾಗ ಮಾತ್ರ ಒಂದೇ ರೇಷನ್ ಕಾರ್ಡು. 2014ರ ಜೂನಿನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾ ಎದುರು ಸ್ಟುವರ್ಟ್ 4 ರನ್ ಕೊಟ್ಟು 6 ವಿಕೆಟ್ ತೆಗೆದರು. ನಾವು 105ಕ್ಕೆ ಆಲೌಟ್ ಆಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು, ಅವರನ್ನು 58ಕ್ಕೆ ಮುಗಿಸಿಬಿಟ್ಟರು. ಏಕದಿನದಲ್ಲಿ ಕುಂಬ್ಳೆ ಹೆಸರಲ್ಲಿದ್ದ 12ಕ್ಕೆ 6ರ ಭಾರತೀಯ ದಾಖಲೆ ಮುರಿದಿದ್ದು ಅವತ್ತೇ. ಅವತ್ತು ಯಾರಾದರೂ ಮಯಾಂತಿಗೆ "ಮೇಡಂ, ನಿಮ್ಮಿಂದಲೇ ಗೆದ್ದೆವು" ಅಂತ ಬರೆದರಾ? ಇಲ್ಲ. 2016ರ ಆಗಸ್ಟಿನಲ್ಲಿ ಅಮೆರಿಕದ ಲಾಡರ್‌ಹಿಲ್‌ನಲ್ಲಿ ವೆಸ್ಟ್ ಇಂಡೀಸಿನ ಎವಿನ್ ಲೂಯಿಸ್ ಇದೇ ಸ್ಟುವರ್ಟ್ ಓವರಿಗೆ ಐದು ಸಿಕ್ಸ್ ಹೊಡೆದ. ಒಂದೇ ಓವರಿನಲ್ಲಿ 32 ರನ್. ನಮ್ಮ ಕೆ.ಎಲ್. ರಾಹುಲ್ ಶತಕ ಹೊಡೆದರೂ ಭಾರತ ಒಂದೇ ರನ್ನಿನಿಂದ ಸೋತಿತು. ಸರಿ, ಶುರುವಾಯಿತು. ಬಾಲ್ ಹಾಕಿದವನನ್ನು ಬಿಟ್ಟು ಹೆಂಡತಿಯನ್ನು ಹಿಡಿದು ಟ್ವಿಟ್ಟರಿನಲ್ಲಿ ಬೈದರು. ಏನೇನು ಬೈದರು ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ಸ್ಟೂಡೆಂಟ್‌ಗಳೂ ಈ ಪುಟ ನೋಡುತ್ತಾರೆ.

ಈಗ ಕೆಲಸದ ವಿಚಾರಕ್ಕೆ ಬರುತ್ತೇನೆ, ಯಾಕೆಂದರೆ "ಸುಮ್ನೆ ನಿಂತು ನಗೋದು, ಅದೇನು ಮಹಾ" ಅಂತ ಒಬ್ಬ ಕಸಿನ್ ಅಂದ. ಅವನಿಗೆ ಮೈಕು ಕೊಟ್ಟರೆ ಸ್ವಂತ ಹೆಸರು ಮರೆಯುತ್ತಾನೆ, ಅವನ ತಂಗಿಯ ಮದುವೆಯಲ್ಲಿ ನಾವೆಲ್ಲ ನೋಡಿದ್ದೇವೆ.

ನಮ್ಮ ಶಾಲೆಯ ಮೈದಾನದಲ್ಲಿ ಕ್ರೀಡಾಕೂಟ ಆದಾಗಲೆಲ್ಲ ವೀಕ್ಷಕ ವಿವರಣೆ ನನ್ನ ತಲೆಗೇ ಕಟ್ಟುತ್ತಾರೆ. ಒಂದು ವರ್ಷ ರಿಲೇ ಶುರುವಾಗುವ ಹೊತ್ತಿಗೆ ಸರಿಯಾಗಿ ಮಳೆ ಬಂತು. ಮಕ್ಕಳೆಲ್ಲ ಶಾಮಿಯಾನದ ಕೆಳಗೆ. ಮುಖ್ಯ ಅತಿಥಿ ಇನ್ನೂ ದಾರಿಯಲ್ಲಿ. ಹೆಡ್ಮಾಸ್ಟರು ದೂರದಿಂದ ಕೈ ತಿರುಗಿಸುತ್ತಾ "ಮಾತಾಡ್ತಾ ಇರಿ, ಮಾತಾಡ್ತಾ ಇರಿ" ಅನ್ನುತ್ತಿದ್ದಾರೆ. ಸೌಂಡ್ಸಿನ ಹುಡುಗ ಮೈಕಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ, ಅದು ಕೀಂ ಅಂತ ಕಿರುಚುತ್ತಿತ್ತು. ಮಧ್ಯೆ ಮಧ್ಯೆ ಯಾರೋ ಒದ್ದೆ ಚೀಟಿ ತಂದು ಕೈಗೆ ತುರುಕುತ್ತಾರೆ. ಒಂದರಲ್ಲಿ ಲಾಂಗ್ ಜಂಪ್ ಫಲಿತಾಂಶ, ಒಂದರಲ್ಲಿ ಗೇಟಿಗೆ ಅಡ್ಡ ನಿಂತ ಕಾರಿನ ನಂಬರ್, ಮತ್ತೊಂದರಲ್ಲಿ ಊಟಕ್ಕೆ ಎಷ್ಟು ಜನ ಅಂತ ಕೇಳಿದ್ದಾರೆ. ಮಾತು ನಿಲ್ಲಿಸುವ ಹಾಗಿಲ್ಲ, ಓದದೆ ಇರುವ ಹಾಗಿಲ್ಲ. ಊಟದ ಚೀಟಿಯನ್ನು ಮೈಕಿನಲ್ಲೇ ಓದಿಬಿಡುತ್ತಿದ್ದೆ, ಕೊನೇ ಗಳಿಗೆಯಲ್ಲಿ ನಾಲಿಗೆ ಹಿಡಿದುಕೊಂಡೆ. ಅರ್ಧ ಗಂಟೆಗೆ ಗಂಟಲು ಬಿತ್ತು.

ಟಿವಿಯಲ್ಲಿ ಆ ಚೀಟಿಗಳೆಲ್ಲ ಕಿವಿಯೊಳಗೆ ಬರುತ್ತವೆ. ನಿರೂಪಕರ ಕಿವಿಯಲ್ಲಿ ಒಂದು ಸಣ್ಣ ಇಯರ್‌ಪೀಸ್ ಇರುತ್ತದೆ. ಇತ್ತ ಇವರು ಮಾತಾಡುತ್ತಾ ಇರುವಾಗಲೇ ಅತ್ತ ಕಂಟ್ರೋಲ್ ರೂಮಿನಲ್ಲಿ ಕೂತ ಪ್ರೊಡ್ಯೂಸರ್ ಅದರಲ್ಲಿ ಹೇಳುತ್ತಾ ಇರುತ್ತಾರೆ: ಟಾಸ್ ಲೇಟು, ಈಗ ಆ ವಿಡಿಯೋ ಹಾಕುತ್ತೇವೆ, ಜಾಹೀರಾತಿಗೆ ಹತ್ತು ಸೆಕೆಂಡು, ಒಂಬತ್ತು, ಎಂಟು. ಅದನ್ನು ಕೇಳಿಸಿಕೊಳ್ಳುತ್ತಲೇ ಪಕ್ಕದಲ್ಲಿ ಕೂತ ಹಳೇ ಆಟಗಾರನ ಮಾತೂ ಕೇಳಬೇಕು, ಅವನು ತನ್ನ ಕಾಲದ ಕಥೆ ಎಳೆಯುತ್ತಿದ್ದರೆ ಬೇಸರ ಆಗದ ಹಾಗೆ ತಡೆಯಬೇಕು, ಮೂಲೆಯಲ್ಲಿ ಬಾಯಿ ಬಿಡದೆ ಕೂತವನ ಬಾಯಿ ಬಿಡಿಸಬೇಕು, ಸರಿಯಾಗಿ ಸೊನ್ನೆ ಬರುವಾಗ ವಾಕ್ಯ ಮುಗಿಸಬೇಕು. ಲೈವ್‌ನಲ್ಲಿ ಆಟ ಹೇಗೆ ತಿರುಗುತ್ತದೋ ಮಾತೂ ಹಾಗೇ ತಿರುಗಬೇಕು, ಬರೆದಿಟ್ಟುಕೊಂಡು ಓದಿದರೆ ಆಗುವುದಿಲ್ಲ. ಮಳೆ ಬಂದರಂತೂ ಮುಗಿಯಿತು. ಆಟಗಾರರು ಡ್ರೆಸ್ಸಿಂಗ್ ರೂಮಿಗೆ, ನಾವು ಅಡುಗೆ ಮನೆಗೆ, ಇವರು ಮಾತ್ರ ಅಲ್ಲೇ. 2023ರ ಐಪಿಎಲ್ ಫೈನಲ್ ಭಾನುವಾರ ಆಗಬೇಕಾದ್ದು ಮಳೆಗೆ ತೊಯ್ದು ಸೋಮವಾರಕ್ಕೆ ಹೋಗಿ, ನಡುರಾತ್ರಿ ದಾಟಿದ ಮೇಲೆ ಜಡೇಜಾ ಕೊನೆಯ ಬಾಲಿಗೆ ಫೋರ್ ಹೊಡೆದು ಮುಗಿಸಿದನಲ್ಲ, ಅಷ್ಟು ಹೊತ್ತೂ ಯಾರೋ ಮಾತಾಡುತ್ತಲೇ ಇರಬೇಕಿತ್ತು ತಾನೇ?

"ಆದರೂ ಆಡಿದವರು ಮಾತಾಡಬೇಕು, ಆಡದವರಿಗೆ ಎಂತ ಗೊತ್ತು ಮಾರಾಯ್ತಿ" ಅನ್ನುವ ವಾದ ಇದೆ. ಸರಿ, ಒಪ್ಪೋಣ. ಹಾಗಾದರೆ ಹರ್ಷ ಭೋಗ್ಲೆ? ಕೆಮಿಕಲ್ ಇಂಜಿನಿಯರಿಂಗ್ ಓದಿ, ಅಹಮದಾಬಾದ್ ಐಐಎಂಗೆ ಹೋಗಿ ಬಂದವರು. ಭಾರತಕ್ಕೆ ಒಂದು ಮ್ಯಾಚೂ ಆಡಿಲ್ಲ. ಅವರ ಮಾತು ಕೇಳಿ ನಾವೇ ಬಾಯಿ ಬಿಟ್ಟು ಕೂರುತ್ತೇವೆ (ಕೂರಬೇಕಾದ್ದೇ). ಯಾರ ಗಂಡ ಅಂತ ಕೇಳಿದ್ದೀರಾ? ನಮ್ಮ ರಾಬಿನ್ ಉತ್ತಪ್ಪ ಕಾಮೆಂಟರಿಗೆ ಕೂತರೆ "ನಮ್ಮ ಹುಡುಗ" ಅಂತ ಮೀಸೆ ತಿರುವುತ್ತೇವೆ. ಅಪ್ಪ ಹಾಕಿ ಅಂಪೈರ್ ಆಗಿದ್ದರು, ಅದಕ್ಕೇ ಮೈಕು ಸಿಕ್ಕಿತು ಅಂತ ಯಾರೂ ಹೇಳುವುದಿಲ್ಲ. ಹೇಳಬಾರದು ಕೂಡ. ಅಷ್ಟಕ್ಕೂ ನಿರೂಪಕಿಯ ಕೆಲಸ ಉತ್ತರ ಕೊಡುವುದಲ್ಲ, ಸರಿಯಾದ ಪ್ರಶ್ನೆ ಕೇಳುವುದು. ಆಡಿದ ಎಷ್ಟೋ ಜನಕ್ಕೆ ಅದು ಬರುವುದಿಲ್ಲ ಅಂತ ಟಿವಿ ಹಾಕಿದರೆ ಗೊತ್ತಾಗುತ್ತದೆ.

ಚಂದ ಇದ್ದಾರೆ, ಅದಕ್ಕೇ ತಗೊಂಡರು ಅನ್ನುವವರಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. 2003ರ ವಿಶ್ವಕಪ್ಪಿನಲ್ಲಿ ಮಂದಿರಾ ಬೇಡಿ ನಿರೂಪಕಿಯಾಗಿ ಬಂದಾಗಲೂ ಊರೆಲ್ಲ ಬ್ಲೌಸಿನ ಸುದ್ದಿಯೇ. ಇಷ್ಟು ವರ್ಷ ಆದರೂ ನಾವು ಆ ಬ್ಲೌಸಿನ ಹತ್ತಿರವೇ ನಿಂತಿದ್ದೇವೆ.

ನನಗೆ ಜಾಸ್ತಿ ಉರಿಯುವುದು ಬೇರೆ ಕಾರಣಕ್ಕೆ. ಹೊರಗಿನವರ ಹತ್ತಿರ ನಾವು ಎಷ್ಟು ಕೊಚ್ಚಿಕೊಳ್ಳುತ್ತೇವೆ! 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ, 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಸೇರಿ ಗಿನ್ನೆಸ್ ದಾಖಲೆ, ಅಲ್ಲಿ ಮನೆ ಹೆಣ್ಣುಮಕ್ಕಳೂ ಗಂಡಸರ ಜೊತೆ ಒಂದೇ ಟೀಮಿನಲ್ಲಿ ಆಡುತ್ತಾರೆ, ನೋಡಿ ನಮ್ಮ ಕೊಡಗು! ಮೈಸೂರಿನ ಗೆಳತಿಯರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಮೈದಾನದಲ್ಲಿ ಸ್ಟಿಕ್ ಹಿಡಿದರೆ ಶಹಬ್ಬಾಸ್. ಮೈಕು ಹಿಡಿದರೆ ಯಾರ ಹೆಂಡತಿ? ಇದ್ಯಾವ ಸೀಮೆ ನ್ಯಾಯ?

ಇಲ್ಲೊಂದು ಮಾತು ಹೇಳಿಯೇ ಬಿಡುತ್ತೇನೆ. ಪಿಯುಸಿ ಮುಗಿದಾಗ ನನಗೂ ರೇಡಿಯೋದಲ್ಲೋ ಟಿವಿಯಲ್ಲೋ ಆಟದ ಬಗ್ಗೆ ಮಾತಾಡುವ ಆಸೆ ಇತ್ತು. ಬೇಡ ಅಂದವರು ಇದೇ ಮಾವ, "ಅದೆಲ್ಲ ಯಾರಾದರೂ ಇದ್ದವರಿಗೆ" ಅಂತ. ಬಿ.ಎಡ್ ಮಾಡಿದೆ, ಬೇಜಾರೇನಿಲ್ಲ, ಮಕ್ಕಳ ಜೊತೆ ಖುಷಿಯಾಗೇ ಇದ್ದೇನೆ. ಆದರೆ ನಿನ್ನೆ ಅದೇ ಬಾಯಿಂದ ಅದೇ ಮಾತು ಬಂತಲ್ಲ, ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು.

2020ರಲ್ಲಿ ಐಪಿಎಲ್ ಶುರುವಾದಾಗ ಮಯಾಂತಿ ಕಾಣಿಸಲಿಲ್ಲ. ಚಾನೆಲ್ಲಿನವರು ತೆಗೆದುಹಾಕಿದರು ಅಂತ ಸುದ್ದಿ ಹಬ್ಬಿಸಿದರು. ಆರು ವಾರದ ಹಿಂದೆ ಗಂಡುಮಗು ಆಗಿದೆ ಅಂತ ಕೊನೆಗೆ ಅವರೇ ಬರೆಯಬೇಕಾಯಿತು. ಮತ್ತೆ ವಾಪಸ್ ಬಂದರು, ಕೆಲಸ ಮಾಡಿದರು. 2021ರಲ್ಲಿ ಸ್ಟುವರ್ಟ್ ನಿವೃತ್ತಿ ಹೇಳಿದರು. ಸರಿ, ಗಂಡನ ವಶೀಲಿ ಮುಗಿಯಿತು ಅಂದುಕೊಂಡರೆ 2022ರಲ್ಲಿ ಸ್ಟುವರ್ಟ್ ಅಪ್ಪ ರೋಜರ್ ಬಿನ್ನಿ ಬಿಸಿಸಿಐ ಅಧ್ಯಕ್ಷರಾದರು, ಆಗ "ಮಾವನ ವಶೀಲಿ" ಶುರು. ಮಂಡಳಿಯ ಪಂದ್ಯ ತೋರಿಸುತ್ತಿದ್ದ ಸ್ಟಾರ್ ಸ್ಪೋರ್ಟ್ಸ್‌ನಲ್ಲೇ ಸೊಸೆ ಇದ್ದಾರೆ ಅಂತ ದೂರು ಕೊಟ್ಟು, ಮಂಡಳಿಯ ನೀತಿ ಅಧಿಕಾರಿಯಿಂದ ರೋಜರ್‌ಗೆ ನೋಟಿಸೂ ಹೋಯಿತು, ಆಮೇಲೆ ದೂರು ವಜಾನೂ ಆಯಿತು. ವಜಾ ಆದದ್ದು ಎಷ್ಟು ಜನಕ್ಕೆ ಗೊತ್ತು?

ಗಂಡ ಆಯಿತು, ಅಪ್ಪ ಆಯಿತು, ಮಾವ ಆಯಿತು. ಈಗ ಉಳಿದಿರುವುದು ಮಗ ಒಬ್ಬ. ಪಾಪ, ಆ ಹುಡುಗ ಮುಂದೆ ಬ್ಯಾಟು ಹಿಡಿಯದಿದ್ದರೆ ಸಾಕು. ಹಿಡಿದರೆ ನಮ್ಮವರು ಆಗಲೂ ಟಿವಿ ಮುಂದೆ ಗ್ಲಾಸು ಹಿಡಿದು ಕೂತು, "ಇವಳು ಅವನ ಅಮ್ಮ ಅಲ್ವಾ, ಮತ್ತೆ ಮೈಕು ಸಿಗದೆ ಇರ್ತದಾ" ಅನ್ನುತ್ತಾರೆ.