ಅಸಲಿ ಗಂಧ, ಬರೀ 10 ರೂಪಾಯಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರಕಾರವೂ ಬಿಸಿಲಿಗೆ ಹೆದರುತ್ತದೆ. ಮುಂಜಾನೆ 8ಕ್ಕೆ ತೆರೆದ ಕಚೇರಿ ಮಧ್ಯಾಹ್ನ 1.30ಕ್ಕೆಲ್ಲ ಬಾಗಿಲು ಹಾಕಿಕೊಂಡು ಮನೆ ಸೇರುತ್ತದೆ. ನಮ್ಮಂಥವರು ಕೊರಳ ತುಂಬ ಬೆವರಸಾಲಿ ಹೊತ್ತು ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ತಂಪು ಹುಡುಕಬೇಕು. ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲೇ, ಗಂಧ ಮಾರುವವನ ಗಾಡಿಯಲ್ಲಿ ಸಿಕ್ಕಿತು.

“ಕಾಕಾ, ಅಸಲಿ ಮೈಸೂರು ಗಂಧ ಅದ ನೋಡ್ರಿ. ಹಚ್ಕೊಂಡ್ರ ತಂಪು, ನೀರಾಗ ಕಲಸಿ ಕುಡದ್ರ ಉರಿಮೂತ್ರ ಬಂದ್. ಗಿಡಮೂಲಿಕಿ ಅಲ್ಲೇನ್ರಿ, ಸೈಡ್ ಎಫೆಕ್ಟ್ ಎಲ್ಲಿಂದ ಬರಬೇಕು?”

ಪೊಟ್ಟಣಕ್ಕೆ 10 ರೂಪಾಯಿ. ಆ ದುಡ್ಡಿಗೆ ನಮ್ಮೂರಲ್ಲೇ ಬೆಳೆಯುವ ತೊಗರಿಯ ಬೇಳೆ ಒಂದು ಬೊಗಸೆ ಬರುವುದಿಲ್ಲ. ಇದೋ, 1792ರಲ್ಲಿ ಟಿಪ್ಪು ರಾಜವೃಕ್ಷವೆಂದು ಸಾರಿದ ಮರ. 2001ರಲ್ಲಿ ಕಾನೂನು ಬದಲಾಗುವವರೆಗೆ ನಿಮ್ಮ ಹೊಲದಲ್ಲಿ ಹುಟ್ಟಿದರೂ ಸರಕಾರದ್ದು. ಪರಿಮಳವೆಲ್ಲ ಒಳಗಿನ ಚೇಗಿನಲ್ಲಿ. ಅದು ಬಲಿಯಲು ಹದಿನೈದಿಪ್ಪತ್ತು ವರ್ಷ ಕಾಯಬೇಕು, ಆಮೇಲೆ ಕಳ್ಳರನ್ನು ಕಾಯಬೇಕು. ಪಕ್ಕದ ಗಿಡದ ಬೇರಿಗೆ ಬೇರಿಟ್ಟು ಹೀರುವುದು ಶ್ರೀಗಂಧದ ಹುಟ್ಟುಗುಣ. ಗಾಡಿಯಲ್ಲಿ ಅದೊಂದು ಗುಣ ಮಾತ್ರ ಅಸಲಿ ಇತ್ತು.

ಪೊಟ್ಟಣದ ಹಿಂದೆ “ತಯಾರಿಸಿದ ದಿನಾಂಕ: ಮೇಲೆ ನೋಡಿ” ಎಂದಿತ್ತು. ಮೇಲೆ “ಕೆಳಗೆ ನೋಡಿ” ಎಂದಿತ್ತು.

ಹಚ್ಚಿಕೊಂಡೆ. ಊದಿನಕಡ್ಡಿ ವಾಸನೆ. ಸಂಜೆಗೆ ಕೊರಳು ಹೋಳಿ ಹುಣ್ಣಿಮೆ ಆಡಿದಂತೆ ಕೆಂಪಾಗಿ, ಕೆರೆತ ಶುರು. ಹೋಗಿ ಕೇಳಿದರೆ ಗಾಡಿಯವನ ಮುಖದಲ್ಲಿ ಸಂತೋಷ: “ಒಳಗಿನ ಉಷ್ಣ ಹೊರಗ ಬರ್ಲಿಕತ್ತದ್ರಿ! ಇನ್ನೆರಡು ಪೊಟ್ಟಣ ಒಯ್ರಿ.” ಗುಣವಾದರೆ ಔಷಧದ ಪ್ರಭಾವ, ಗುಳ್ಳೆ ಎದ್ದರೂ ಔಷಧದ ಪ್ರಭಾವ. ಒಯ್ದೆ. ಮಾನ ಉಳಿಸಿಕೊಳ್ಳಬೇಕಲ್ಲ.

ಡಾಕ್ಟರು ಬೈದರು. “ಖರೇ ಗಂಧ ಆಗಿದ್ರೂ ಕೆಲವರಿಗೆ ಆಗಿ ಬರಂಗಿಲ್ಲ. ಮೊದಲ ಮೊಣಕೈ ಒಳಗ ಚೂರು ಹಚ್ಚಿ ನೋಡ್ಬೇಕಿಲ್ಲೋ? ಕುಡದಿಲ್ಲ ಹೌದಲ್ಲ?”

ಕುಡಿದಿರಲಿಲ್ಲ. ಉರಿಮೂತ್ರಕ್ಕೆ ಚಂದನ ಆಯುರ್ವೇದದ ಹಳೆಯ ಮದ್ದು, ಸುಳ್ಳಲ್ಲ. ಆ್ಯಂಟಿಬಯೋಟಿಕ್ ಬರುವ ಮೊದಲು ಪಾಶ್ಚಾತ್ಯ ವೈದ್ಯರೂ ಪರಮಾ ಎಂಬ ಲೈಂಗಿಕ ರೋಗಕ್ಕೆ ಗಂಧದೆಣ್ಣೆ ನುಂಗಿಸುತ್ತಿದ್ದರು. ಆದರೆ ಮೂತ್ರದ ಸೋಂಕಿಗೆ ಇದಕ್ಕೆ ಒಪ್ಪಿಗೆ ಕೊಟ್ಟ ಜರ್ಮನಿಯ ಗಿಡಮೂಲಿಕೆ ಸಮಿತಿಯೇ ಹೇಳಿತ್ತು: ಕಿಡ್ನಿ ಕಾಯಿಲೆ ಇದ್ದವರಿಗೆ ಬೇಡ, ಡಾಕ್ಟರನ್ನು ಕೇಳದೆ 6 ವಾರ ಮೀರಬೇಡಿ, ವಾಕರಿಕೆ, ಕೆರೆತ ಬಂದೀತು.

ಅಂದರೆ ಇಷ್ಟೆಲ್ಲ ನಿರ್ಬಂಧ ಅಸಲಿ ಗಂಧಕ್ಕೆ. ಗಾಡಿಯವನು ಹೇಳಿದ್ದೂ ಖರೇನೇ ಆಯಿತು: ಗಂಧವೇ ಇಲ್ಲದ ಮೇಲೆ ಗಂಧದ ಸೈಡ್ ಎಫೆಕ್ಟ್ ಎಲ್ಲಿಂದ ಬರಬೇಕು?

ಉಳಿದ ಎರಡು ಪೊಟ್ಟಣ ನಮ್ಮನೆಯಾಕೆ ದೇವರ ಜಗಲಿ ಮೇಲೆ ಇಟ್ಟಿದ್ದಾಳೆ. “ದೇವರಿಗೆ ಇದ್ಯಾಕ?” ಎಂದೆ.

“ಇರಲಿ ಬಿಡ್ರಿ, ಕಲ್ಲಿನ ಮೂರ್ತಿ. ತಡ್ಕೊಂತದ.”