ಹಳೇ ಗೇಮಂತೆ!

ಮೊನ್ನೆ ಸಾಗರದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಜೋರು ಮಳೆ, ಕರೆಂಟ್ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತಲ್ಲ ಅಂತ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಸರಣಿಯ ವೈಸ್ ಸಿಟಿ ಗೇಮ್ ಹಾಕಿದೆ. ಅಕ್ಕನ ಮಗ ಹಲಸಿನ ಹಪ್ಪಳ ಕಡಿಯುತ್ತಾ ಇಣುಕಿ, 'ಮಾಮ, ಇದು ಅಜ್ಜನ ಕಾಲದ್ದಾ?' ಅಂದ.

2002ರ ಗೇಮು ಮಾರಾಯ! ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ಬಸ್ ಚಾರ್ಜ್ ಉಳಿಸಿ ಆಡಿದ್ದು. ಅದರ ಕಥೆ ನಡೆಯೋದು 1986ರಲ್ಲಿ. ಅಂದರೆ ಬರೀ 16 ವರ್ಷ ಹಿಂದಿನದನ್ನೇ ಅದು ಹಳೇ ಕಾಲ ಅಂತ ತೋರಿಸಿತ್ತು. ಈಗ ಆ ಗೇಮಿಗೇ 20 ದಾಟಿದೆ. ಲೆಕ್ಕ ಹಾಕಿದರೆ ಹುಡುಗನ ಮಾತೇ ಸರಿ, ಅದೇ ಹೊಟ್ಟೆಉರಿ.

ಹೋಗಲಿ, 2013ರ ಜಿಟಿಎ 5? 'ಅದೂ ಹಳೇದೇ. ನಾನು ಹುಟ್ಟೋಕೆ ಮುಂಚಿನದು.' ಇವನು ಹುಟ್ಟಿದ್ದೇ ಗಡಿಯಂತೆ! ಅಷ್ಟು ಹೇಳಿ ಎಣ್ಣೆ ಕೈಯಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡ. ಬ್ಯಾಟರಿ ಮುಗಿಯುವವರೆಗೂ ವಾಪಸ್ ಕೊಡಲಿಲ್ಲ.